ಹೊಸ ಫೋನ್ ತಗೊಳ್ಳಿ ಎಂದು ಬರೆಯಲಾರೆ

ವೆಬ್‌ಸೈಟಿನ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕುವ ರೂಢಿಯಿದೆ. ಈ ಪುಟ ಸರಿಯಾಗಿ ಕಾಣಬೇಕಾದರೆ ಇಂಥದೇ ಬ್ರೌಸರ್ ಬಳಸಿರಿ, ಅದೂ ಹೊಸದನ್ನೇ ಬಳಸಿರಿ ಎಂದು. ಗಡಿಯ ಊರು ಉಮದಿಯಲ್ಲಿ ಕೂತು ಸೈಟು ಕಟ್ಟುವ ನಾನು ಆ ಸಾಲನ್ನು ಬರೆಯುವುದಿಲ್ಲ. ಗಿರಾಕಿ ಕೇಳಿದರೂ ಬರೆಯುವುದಿಲ್ಲ, ಕಾಡಿದರೂ ಬರೆಯುವುದಿಲ್ಲ. ಈ ಹಟಕ್ಕೆ ಒಂದು ಒಳ್ಳೆಯ ಕೆಲಸ ಕಳೆದುಕೊಂಡಿದ್ದೇನೆ. ಅದಕ್ಕೆ ನನಗೆ ಚೂರೂ ಬೇಸರವಿಲ್ಲ.

ನನ್ನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಒಂದು ಬದಿ ಝೆರಾಕ್ಸ್ ಯಂತ್ರ, ಇನ್ನೊಂದು ಬದಿ ನನ್ನ ಲ್ಯಾಪ್‌ಟಾಪ್. ಬೀಜದ ಅಂಗಡಿಗಳಿಗೆ, ದಾಳಿಂಬೆ ವ್ಯಾಪಾರಿಗಳಿಗೆ, ಲಗ್ನದ ಕಾರ್ಯಾಲಯಗಳಿಗೆ ಸೈಟು ಮಾಡಿಕೊಡುತ್ತೇನೆ, ಮರಾಠಿಯಲ್ಲೂ ಕನ್ನಡದಲ್ಲೂ. ತವರು ಸನಮಡಿ. ನಮ್ಮದು ಕುರಿ ಕಾಯುವ ಮನೆತನ, ಅದರಲ್ಲಿ ಕಂಪ್ಯೂಟರ್ ಕಲಿತವರಲ್ಲಿ ನಾನೇ ಮೊದಲಿನವಳು. ಹಾಗಾಗಿ ಒಂದು ಬೇಸಿಗೆಯಲ್ಲಿ ಕುರಿಗಾರರ ಸಂಘದವರು ಅಂಗಡಿ ಹುಡುಕಿಕೊಂಡು ಬಂದಾಗ ನನಗೆ ಹಿಗ್ಗೋ ಹಿಗ್ಗು.

ಮಳೆಗಾಲಕ್ಕೆ ಮುಂಚೆ ಕುರಿಗಳಿಗೆ ಲಸಿಕೆ ಹಾಕಿಸುವ ಶಿಬಿರ ಅವರದು. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಆತುರದಿಂದ ಮೇಯ್ದ ಕುರಿಗಳಿಗೆ ಕರುಳಿನ ಬೇನೆ ಬರುತ್ತದೆ. ಬೆಳಗ್ಗೆ ಮೇಯುತ್ತಿದ್ದ ಕುರಿ ಸಂಜೆಗೆ ಕಾಲು ಚಾಚಿರುತ್ತದೆ. ಹಿಂದಿನ ವರ್ಷ ನನ್ನ ಸೋದರಮಾವನ ಹಿಂಡಿನಲ್ಲಿ ಹೀಗೆಯೇ ಒಂದೇ ವಾರದಲ್ಲಿ ಇಪ್ಪತ್ತು ಕುರಿ ಹೋಗಿದ್ದವು. ಈ ಸಲ ಶಿಬಿರಕ್ಕೆ ಬರುವವರು ಮೊದಲೇ ಸೈಟಿನಲ್ಲಿ ಹೆಸರು ಹಚ್ಚಬೇಕು ಎಂದು ಸಂಘ ತೀರ್ಮಾನಿಸಿತ್ತು. ಮೂರು ದಿನ ಅವಕಾಶ. ಪಟ್ಟಿ ತುಂಬಿದರೆ ಮುಗಿಯಿತು, ಹೆಸರಿಲ್ಲದವರ ಕುರಿಗೆ ಲಸಿಕೆಯಿಲ್ಲ.

ಸಂಘದ ಚೇರ್ಮನ್ನರಿಗೆ ಪಟ್ಟಿಗಿಂತ ಬೇರೆ ಚಿಂತೆಯಿತ್ತು. “ನನ್ನ ಫೋಟೊ ಸರಕೋತ ಹೋಗಬೇಕು ನೋಡ್ರಿ ಮ್ಯಾಡಮ್. ಒಂದು ಹೋತು, ಇನ್ನೊಂದು ಬಂತು, ಹಂಗ,” ಎಂದರು. ಮಾಡಿದೆ. ಹಾರ ಹಾಕಿಸಿಕೊಂಡ ಚೇರ್ಮನ್, ಮೈಕು ಹಿಡಿದ ಚೇರ್ಮನ್, ಕುರಿಮರಿ ಎತ್ತಿಕೊಂಡ ಚೇರ್ಮನ್ ಒಬ್ಬರ ಬೆನ್ನಿಗೊಬ್ಬರು ಸರಿದುಹೋಗುತ್ತಿದ್ದರು. ಅವರ ಕೆಳಗೆ ಹೆಸರು ಹಚ್ಚುವ ಅರ್ಜಿ.

ಒಂದೇ ಪುಟವನ್ನು ಹತ್ತು ಬ್ರೌಸರ್‌ಗಳು ಹತ್ತು ಬಗೆಯಲ್ಲಿ ಓದುತ್ತವೆ. ಒಂದು ನೆಟ್ಟಗೆ ತೋರಿಸಿದರೆ ಇನ್ನೊಂದು ಅರ್ಧ ಕತ್ತರಿಸುತ್ತದೆ, ಮತ್ತೊಂದು ತುಟಿ ಬಿಚ್ಚುವುದಿಲ್ಲ. ಬಳಸುವವರ ಕೈಯಲ್ಲಿರುವ ಫೋನುಗಳಲ್ಲೇ ಹಚ್ಚಿ ನೋಡದೆ ಬೇರೆ ದಾರಿಯಿಲ್ಲ. ಅದಕ್ಕೇ ಉಮದಿ ಸಂತೆಯಲ್ಲಿ ಹಿಂಡಿನವರು ಕಂಡಲ್ಲೆಲ್ಲ, “ನಿಮ್ಮ ಫೋನ್ ಒಂದೀಟು ಕೊಡ್ರಿ, ನೋಡತೀನಿ,” ಎಂದೆ. ಎಲ್ಲರದೂ ಒಂದೇ ಮಾತು: “ಮುಂದಿನ ಸಂತಿಗೆ ತರ್ತೀವ್ರಿ.” ಕಿಸೆಯಲ್ಲಿರುವ ಫೋನನ್ನು ಮುಂದಿನ ಸಂತೆಗೆ ತರುವುದೆಂದರೇನು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ಮುಂದಿನ ಸಂತೆಗೆ ಹೇಳಿದಂತೆಯೇ ಬಂದರು. ಮಾಮಾನೂ ಬಂದ. ಮೇಜಿನ ಮೇಲೆ ಸಾಲಾಗಿ ಫೋನುಗಳು, ಒಂದಕ್ಕಿಂತ ಒಂದು ಹೊಳೆಯುವಂಥವು. ಪುಟ ಎಲ್ಲದರಲ್ಲೂ ಸಲೀಸಾಗಿ ಓಡಿತು. ಹಿಂಡಿನವರೂ ಸುಧಾರಿಸಿದರಲ್ಲ ಎಂದು ನಾನು ಚಹಾ ತರಿಸಿ ಕುಡಿಸಿದೆ.

ಹೆಸರು ಹಚ್ಚುವ ಮೊದಲ ದಿನ ಮಧ್ಯಾಹ್ನಕ್ಕೇ ಪಟ್ಟಿ ಅರ್ಧ ತುಂಬಿತ್ತು. ಖುಷಿಯಿಂದ ತೆರೆದು ನೋಡಿದೆ. ನೋಡುತ್ತ ನೋಡುತ್ತ ಖುಷಿ ಇಳಿಯಿತು. ಪೇಟೆಯ ವ್ಯಾಪಾರಿಗಳು, ನೌಕರಿಯವರು, ಹಿತ್ತಲಲ್ಲಿ ಎರಡು ಆಡು ಕಟ್ಟಿಕೊಂಡವರು ಇದ್ದರು. ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ತಿರುಗುವವರು ಒಬ್ಬರೂ ಇರಲಿಲ್ಲ. ಮಾಮಾನ ಹೆಸರೂ ಇರಲಿಲ್ಲ. ಫೋನ್ ಮಾಡಿದೆ.

“ಮುಂಜಾನಿಂದ ಒತ್ತಾಕತ್ತೀನಿ ಯವ್ವಾ, ಏನೂ ಆಗವಲ್ದು,” ಎಂದ. “ನನ್ನ ಬಟ್ಟ ಮಂದ ಇರಬೇಕು ಬಿಡು.”

ಬಟನ್ ಕೆಲಸ ಮಾಡದಿದ್ದರೆ ತನ್ನ ಬೆರಳಿನದೇ ತಪ್ಪು ಎಂದುಕೊಂಡಿದ್ದ. ಅಂಗಡಿಗೆ ಕೀಲಿ ಹಾಕಿ, ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ, ಸ್ಕೂಟಿ ಹತ್ತಿ ಅಸಂಗಿ ಕಡೆ ಹೊರಟೆ. ಆ ದಿನಗಳಲ್ಲಿ ಮಾಮಾ ಅಲ್ಲೊಬ್ಬರ ಹೊಲದಲ್ಲಿ ಗೊಬ್ಬರಕ್ಕಾಗಿ ಹಿಂಡು ಕೂಡ್ರಿಸಿದ್ದ.

ಫೋನ್ ಕೊಡು ಎಂದರೆ ಆ ಕಡೆ ಈ ಕಡೆ ನೋಡಿದ. ಕೊನೆಗೆ ಕಂಬಳಿಯ ಮಡಿಕೆಯಿಂದ ಒಂದು ಫೋನ್ ತೆಗೆದ. ಮೂಲೆ ಒಡೆದಿತ್ತು, ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಸುತ್ತಿತ್ತು.

“ಸಂತ್ಯಾಗ ತಂದಿದ್ದು ಇದಲ್ಲಲ್ಲ ಮಾಮಾ?”

“ಅದು ಅಳಿಯಂದು.”

“ಉಳದಾವ್ರದು?”

ಮಾಮಾ ನಕ್ಕ. “ಅವ್ರೂ ಕಡಾ ತಂದಿದ್ರು. ಒಬ್ಬಾಂವ ಮಾಸ್ತರಂದು, ಒಬ್ಬಾಂವ ಮೈದುನಂದು. ನೀ ಸಾಲಿ ಕಲತಾಕಿ. ನಾಕ ಮಂದ್ಯಾಗ ನಿನ್ನ ಟೇಬಲ್ ಮ್ಯಾಲೆ ಇಂಥಾದ್ದ ಇಟ್ರ ನಿನಗ ಕಮೀಪಣಾ ಅಲ್ಲೇನು?”

ನಮ್ಮ ಕಡೆ ಮನೆಗೆ ದೊಡ್ಡವರು ಬಂದರೆ ಪಕ್ಕದ ಮನೆಯಿಂದ ಚಲೋ ಕಪ್-ಬಸಿ ತಂದು ಚಹಾ ಕೊಡುತ್ತಾರೆ. ನಾನೇ ಚಿಕ್ಕವಳಿದ್ದಾಗ ಎಷ್ಟು ಸಲ ಓಡಿಹೋಗಿ ತಂದಿಲ್ಲ! ಈಗ ನನ್ನ ಮರ್ಯಾದೆ ಉಳಿಸಲು ಒಂದು ಹಿಂಡು ಜನ ಫೋನ್ ಕಡ ತಂದಿದ್ದರು, ನಾನು ಆ ಫೋನುಗಳಿಗೆ ತಕ್ಕಂತೆ ಸೈಟು ಕಟ್ಟಿ ಕೂತಿದ್ದೆ. ಮೊದಲು ಅವರ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೆ ಬಂತು, ಅದು ಇನ್ನೂ ಇಳಿದಿಲ್ಲ.

ಮಾಮಾನ ಫೋನಿನಲ್ಲಿ ಪುಟ ತೆರೆದೆ. ಹಾರ ಹಾಕಿಸಿಕೊಂಡ ಚೇರ್ಮನ್ ಬಂದು ನಿಂತರು, ಸರಿಯಲೇ ಇಲ್ಲ. ಕೆಳಗಿನ ಬಟನ್ ಕಾಣುತ್ತಿತ್ತು, ಒತ್ತಿದರೆ ಸತ್ತಂತೆ ಬಿದ್ದಿತ್ತು. ಫೋಟೊ ಸರಿಸುವ ಸಾಲುಗಳನ್ನು ನಾನು ಹೊಸ ಪದ್ಧತಿಯಲ್ಲಿ ಬರೆದಿದ್ದೆ. ಆ ಹಳೆಯ ಬ್ರೌಸರ್ ತನಗೆ ತಿಳಿಯದ ಸಾಲು ಕಂಡೊಡನೆ ಇಡೀ ಕಡತವನ್ನೇ ಬದಿಗಿಟ್ಟಿತ್ತು. ಬಟನ್ನಿಗೆ ಜೀವ ಕೊಡುವ ಸಾಲುಗಳೂ ಅದೇ ಕಡತದಲ್ಲಿದ್ದವು. ಪಕ್ಕದ ಹೊಲದ ಕುರಿಗಾರನ ಫೋನಿನಲ್ಲಿ ಡೇಟಾ ಉಳಿಸುವ ಬೇರೊಂದು ಬ್ರೌಸರ್ ಇತ್ತು. ಅದರಲ್ಲಿ ಚೇರ್ಮನ್ನರೂ ಇಲ್ಲ, ಬಟನ್ನೂ ಇಲ್ಲ, ಬರೀ ಬಿಳಿ ಹಾಳೆ.

ಅಲ್ಲಿಂದಲೇ ಚೇರ್ಮನ್ನರಿಗೆ ಫೋನ್ ಹಚ್ಚಿದೆ. “ಸೈಟು ಹಿಂಡಿನ ಮಂದಿಗೆ ನಡ್ಯಾವಲ್ದ್ರಿ ಸಾಹೇಬ್ರ. ಈಗ ಬದಲಿ ಮಾಡ್ತೀನಿ. ನಿಮ್ಮ ಫೋಟೊ ತಗೀಬೇಕಾಗತೈತಿ.”

“ನನ್ನ ಫೋನಿನಾಗ ಚಲೋ ನಡದೈತಲ್ರಿ ಮ್ಯಾಡಮ್. ಮ್ಯಾಲೆ ಒಂದ ಸಾಲ ಹಾಕಿಬಿಡ್ರಿ, ಹೊಸಾ ಫೋನ್ ತಗೊಂಡು ತುಂಬ್ರಿ ಅಂತ.”

“ಆ ಸಾಲ ನಾ ಬರಿಯಂಗಿಲ್ರಿ.”

“ಯಾಕ?”

“ಶಿಬಿರ ಕುರಿಗಾರರದು. ಕುರಿಗಾರರನ್ನ ಬಾಗಲದಾಗ ತಡಿಯೂ ಸಾಲ ನನ್ನ ಕೈಲೆ ಆಗಂಗಿಲ್ಲ.”

ಅವರ ಮ್ಯಾಡಮ್ಮು ಅಲ್ಲಿಗೆ ಮುಗಿಯಿತು. “ಕೆಲಸ ಕೊಟ್ಟಾಂವ ನಾ. ಹೇಳಿದಷ್ಟ ಮಾಡು. ಇಲ್ಲಂದ್ರ ಜತ್ತದಾಗ ಬ್ಯಾರೇ ಮಂದಿ ಅದಾರ.”

“ಅದಾರಲ್ರಿ, ಅವರಿಗೇ ಕೊಡ್ರಿ. ಆದ್ರ ಪಾಸ್‌ವರ್ಡ್ ಮೂರ ದಿನ ಮುಗದ ಮ್ಯಾಲೆ ತಂದು ಕೊಡ್ತೀನಿ. ಅಲ್ಲೀತನ ಕೊಡಂಗಿಲ್ಲ,” ಎಂದು ಕಟ್ ಮಾಡಿದೆ. ಅಂಥವರನ್ನು ಎದುರು ಹಾಕಿಕೊಂಡು ಉಮದಿಯಲ್ಲಿ ಅಂಗಡಿ ನಡೆಸುವುದು ಹೇಗೆ ಎಂದು ಹೆದರಿಕೆ ಆಯಿತು. ಹೆದರಿಕೆ ಇದ್ದರೂ ಕೆಲಸ ಮಾಡಬಹುದು, ಮಾಡಿದೆ.

ಬೇವಿನ ನೆರಳಲ್ಲಿ ಕಂಬಳಿ ಹಾಸಿ ಕೂತೆ. ಸರಿಯುವ ಫೋಟೊ ತೆಗೆದೆ, ಬಣ್ಣ ತೆಗೆದೆ, ತೇಲಿ ಬರುವ ಅಕ್ಷರ ತೆಗೆದೆ. ಐದು ಖಾನೆ, ಒಂದು ಬಟನ್ ಉಳಿಯಿತು. ಬ್ರೌಸರ್ ಎಂಬುದು ಹುಟ್ಟಿದಾಗಿನಿಂದ ಎಲ್ಲವಕ್ಕೂ ಓದಲು ಬರುವ ಬಟನ್ ಅದು. ಮೊದಲು ಎಲ್ಲರ ತಾಟಿಗೂ ರೊಟ್ಟಿ ಬೀಳಲಿ, ಪಲ್ಯದ ಮಾತು ಆಮೇಲೆ ಎಂದುಕೊಂಡೆ. ಒಂದೊಂದು ಬದಲಾವಣೆ ಆದಾಗಲೂ ನಾನು ಮುಟ್ಟದೆ, “ನೀನ ತುಂಬಿ ಒತ್ತು ಮಾಮಾ,” ಎನ್ನುತ್ತಿದ್ದೆ. ಮೂರು ಸಲ ಕೆಟ್ಟಿತು. ನಾಲ್ಕನೆಯ ಸಲ ಪುಟ ಒಮ್ಮೆ ಬೆಳ್ಳಗಾಗಿ, ‘ನಿಮ್ಮ ಹೆಸರು ಪಟ್ಟಿಯಲ್ಲಿ ಸೇರಿದೆ’ ಎಂಬ ಸಾಲು ಬಂತು. ಮಾಮಾ ಅದನ್ನು ಗಟ್ಟಿಯಾಗಿ ಓದಿದ, ಮತ್ತೆ ಓದಿದ. ಆಮೇಲೆ ಪಕ್ಕದ ಹೊಲಕ್ಕೆ ಕೇಳುವಂತೆ, “ಏ, ನಡೀತೈತಿ ಬರ್ರಿ ಲಗೂನ!” ಎಂದು ಕೂಗಿದ. ಬಿಳಿ ಹಾಳೆಯ ಫೋನಿನಲ್ಲೂ ನಡೆಯಿತು. ಹೊತ್ತು ಮುಳುಗುವುದರೊಳಗೆ ಹೊಲಹೊಲಗಳಿಂದ ಹೆಸರು ಬರತೊಡಗಿದವು.

ಎಲ್ಲರಿಗೂ ಜಾಗ ಸಿಗಲಿಲ್ಲ. ಮಧ್ಯಾಹ್ನದೊಳಗೆ ತುಂಬಿದ್ದ ಅರ್ಧ ಪಟ್ಟಿಯನ್ನು ಯಾರೂ ಬಿಟ್ಟುಕೊಡಲಿಲ್ಲ, ಐದಾರು ಹಿಂಡು ಹೊರಗೇ ಉಳಿದವು. ಅದು ನನ್ನ ತಪ್ಪು, ಅದನ್ನು ಚೇರ್ಮನ್ನರ ತಲೆಗೆ ಕಟ್ಟುವುದಿಲ್ಲ. ಮಾತಿನಂತೆ ಪಾಸ್‌ವರ್ಡ್ ತಂದು ಅವರ ಮೇಜಿನ ಮೇಲಿಟ್ಟೆ. ಅವರು ಕುಂದ್ರಿ ಎನ್ನಲಿಲ್ಲ, ನಾನೂ ಕೂರಲಿಲ್ಲ. ಬೇರೆಯವರು ಬಂದು ಫೋಟೊಗಳನ್ನು ಮತ್ತೆ ಸರಿಸತೊಡಗಿದರಂತೆ.

ಶಿಬಿರದ ದಿನ ಮಾಮಾನ ಜೊತೆ ನಾನೂ ಹೋಗಿದ್ದೆ. ಪೆಂಡಾಲಿನ ಬಾಯಲ್ಲಿ ಒಬ್ಬ ಕಾರಕೂನ ರಜಿಸ್ಟರ್ ಇಟ್ಟುಕೊಂಡು ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಚೇರ್ಮನ್. ಪ್ಯಾಂಟಿನವರು ಬಂದರೆ ಹೆಸರು, ಊರು ಕೇಳಿ ಬಿಡುತ್ತಿದ್ದ. ರುಮಾಲಿನವರು ಬಂದರೆ ಇನ್ನೊಂದು ಪ್ರಶ್ನೆ ಸೇರಿಸಿ, ಉತ್ತರವನ್ನು ರಜಿಸ್ಟರಿನ ಕೊನೆಯ ಖಾನೆಯಲ್ಲಿ ಬರೆದುಕೊಳ್ಳುತ್ತಿದ್ದ. ಮಾಮಾನಿಗೂ ಕೇಳಿದ: “ಅರ್ಜಿ ಯಾರ ಕಡಿಂದ ತುಂಬಿಸೀರಿ?”

ಮಾಮಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ ಬಗ್ಗಿದ.

“ಯಾರ ಕಡಿಂದನೂ ಇಲ್ಲ. ನಾನ ತುಂಬೀನಿ,” ಎಂದ. “ತುಂಬಿದಾವ್ರು ಅಂತ ಖಾನೆ ಐತಲ್ಲ, ಅಲ್ಲಿ ನನ್ನ ಹೆಸರ ಬರ್ಕೊ.”