ಅತ್ತಿಗೆಯ ಮಗಳಿಗೆ ಸೀತಾಳೆ ಬಂದಾಗ

ಮದುವೆಯಾಗಿ ಮಿಡಿಗೇಶಿಗೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಸ್ವಾತಂತ್ರ್ಯಕ್ಕೆ ಇನ್ನೂ ಏಳೆಂಟು ವರ್ಷವಿತ್ತು. ನನ್ನ ಗಂಡನ ಅಕ್ಕನನ್ನು ಪಾವಗಡದ ಕಡೆ ಕೊಟ್ಟಿದ್ದರು. ಅವರು ತಮ್ಮ ಆರು ವರ್ಷದ ಮಗಳನ್ನು ನಾಲ್ಕು ದಿನ ಅಜ್ಜಿಯ ಮನೆಯಲ್ಲಿರಲೆಂದು ಕಳಿಸಿದ್ದರು. ಬಂದ ಮೂರನೆಯ ದಿನ ಮಗುವಿನ ಮೈ ಬಿಸಿಯಾಯಿತು. ಮರುದಿನ ಬೆಳಿಗ್ಗೆ ಹೊಟ್ಟೆ, ಬೆನ್ನ ಮೇಲೆಲ್ಲ ಗುಳ್ಳೆ.

ದೊಡ್ಡ ಸಿಡುಬೇ ಇರಬೇಕೆಂದು ಅತ್ತೆಯನ್ನು ಕೂಗಿದೆ. ಅತ್ತೆ ಮಗುವನ್ನು ಬಾಗಿಲ ಬೆಳಕಿಗೆ ತಂದು ತಿರುಗಿಸಿ ತಿರುಗಿಸಿ ನೋಡಿದರು.

"ಬರೀ ನೀರುಗುಳ್ಳೆ. ಸೀತಾಳೆ ಕಣೆ, ಎದರ್ಕೋಬ್ಯಾಡ. ಚಿಕ್ಕೋಳಾಗಿದ್ದಾಗ ನಿಂಗೆ ಬಂದಿತ್ತಾ?"

"ಬಂದಿತ್ತು."

"ಅಂಗಾದ್ರೆ ನೀನೇ ನೋಡ್ಕೊ."

ಅತ್ತೆ ನನ್ನೊಡನೆ ಅಷ್ಟು ಮಾತಾಡಿದ್ದೇ ಹೆಚ್ಚು. ಅತ್ತಿಗೆಯ ಮಡಿಲಲ್ಲಿ ಎಳೆಗೂಸಿತ್ತು. ಸದ್ಯಕ್ಕೆ ಬರುವುದು ಬೇಡವೆಂದು ಅತ್ತೆ ಅವರಿಗೆ ಹೇಳಿಕಳಿಸಿದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದೆವು. ನಡುಮನೆಯಲ್ಲಿ ನನ್ನ ಹಳೆಯ ಸೀರೆ ಮಡಿಸಿ ಹಾಸಿ ಮಗುವನ್ನು ಮಲಗಿಸಿದೆ.

ಮಗುವಿನ ಬಾಯಿಗೆ ಬರುತ್ತಿದ್ದುದು ಪಾವಗಡದ ಕಡೆಯ ತೆಲುಗು. ಕೊರಟಗೆರೆಯಲ್ಲಿ ಬೆಳೆದ ನನಗೆ ತೆಲುಗು ಬಾರದು. ಮಧ್ಯಾಹ್ನ ಅದು "ಅತ್ತಾ, ದುರದ, ದುರದ" ಎಂದು ಅಳತೊಡಗಿತು. ತನ್ನೂರು ದೂರ ಎನ್ನುತ್ತಿದೆಯೆಂದುಕೊಂಡೆ.

"ದೂರ ಏನಿಲ್ಲ ಕಣಮ್ಮ. ಗಾಡಿ ಕಟ್ಟಿದ್ರೆ ನಿಮ್ಮಮ್ಮ ಬಂದೇ ಬುಡ್ತಾರೆ" ಎಂದು ತಲೆ ಸವರಿದೆ. ಮಗು ಇನ್ನೂ ಜೋರಾಗಿ ಅತ್ತಿತು.

ಒಳಗಿಂದ ಬಂದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟರು. "ದುರದ ಅಂದ್ರೆ ನವೆ ಕಣೇ! ಮೈಯೆಲ್ಲ ನವೆ ಅಂತೈತೆ ಕೂಸು. ನೀನು ಗಾಡಿ ಕಟ್ತಾ ಕುಂತಿದ್ದೀಯ!"

ನನಗೂ ನಗು ತಡೆಯಲಾಗಲಿಲ್ಲ. ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಆಮೇಲೆ ಅತ್ತೆ ಬೇವಿನ ಎಳೆ ರೆಂಬೆಯೊಂದನ್ನು ಕೈಗಿತ್ತು, ಅದರಿಂದ ಹೇಗೆ ನೇವರಿಸಬೇಕೆಂದು ತೋರಿಸಿದರು. ಗುಳ್ಳೆ ಒಡೆಯಬಾರದು, ನವೆ ಮಾತ್ರ ಅಡಗಬೇಕು. ಮಗು "ಇಕ್ಕಡ" ಎಂದಲ್ಲಿಗೆ ಎಲೆ ಆಡಿಸುತ್ತಿದ್ದೆ. ತುಸು ಹೊತ್ತಿಗೆ ಕಣ್ಣು ಮುಚ್ಚುತ್ತಿತ್ತು. ಬಾಯೊಳಗೂ ಗುಳ್ಳೆ ಎದ್ದಿದ್ದರಿಂದ ರಾಗಿ ಅಂಬಲಿಯನ್ನು ಆರಿಸಿ, ಮಜ್ಜಿಗೆ ಬೆರೆಸಿ, ಗುಟುಕು ಗುಟುಕಾಗಿ ಕುಡಿಸುತ್ತಿದ್ದೆ. ಉಗುರು ಕತ್ತರಿಸಿ, ಮಲಗುವಾಗ ಎರಡೂ ಕೈಗೆ ಹಳೆ ಪಂಚೆಯ ಬಟ್ಟೆ ಸುತ್ತುತ್ತಿದ್ದೆ.

ಐದನೆಯ ದಿನ ಮಧ್ಯಾಹ್ನ ನನಗೇ ಜೊಂಪು ಹತ್ತಿತು. ಕಣ್ಣು ಬಿಡುವಷ್ಟರಲ್ಲಿ ಮಗು ಹಲ್ಲಿನಿಂದ ಬಟ್ಟೆ ಬಿಚ್ಚಿಕೊಂಡು ಹಣೆಯ ಮೇಲಿನ ಗುಳ್ಳೆಯೊಂದನ್ನು ಕೆರೆದುಬಿಟ್ಟಿತ್ತು. ನನಗೆ ಅಳುವೇ ಬಂತು.

ಹುಣ್ಣೆಲ್ಲ ಒಣಗಿ ಹಕ್ಕಳೆ ಕಟ್ಟಿದ ಮೇಲೆ, ಬೇವಿನ ಸೊಪ್ಪು, ಅರಿಶಿನ ಹಾಕಿ ಬಿಸಿಲಿಗಿಟ್ಟ ನೀರಿನಲ್ಲಿ ಅತ್ತೆಯೇ ಮಗುವಿಗೆ ತಲೆಗೆ ಎರೆದರು. ಹಕ್ಕಳೆಯೆಲ್ಲ ಉದುರಿದ ಮೇಲೆ ಅತ್ತಿಗೆ ಗಾಡಿಯಲ್ಲಿ ಬಂದರು. ಮಗಳನ್ನು ತಬ್ಬಿಕೊಂಡವರು ಹಣೆ ನೋಡಿ ತಡೆದರು.

"ಎಣ್ಣುಡುಗಿ ಮುಖದ ಮೇಲೆ ಕಲೆ ಉಳೀತಲ್ಲಮ್ಮ. ಯಾರೂ ನೋಡ್ಕೊಳ್ಳಲಿಲ್ವಾ?"

ನಾನು ತಲೆ ತಗ್ಗಿಸಿದೆ.

"ನೋಡ್ಕೊಂಡೋಳು ಇವಳೇ" ಎಂದರು ಅತ್ತೆ. "ಮೈತುಂಬ ಗುಳ್ಳೆ ಇದ್ವು. ಕೈ ಬಿದ್ದಿದ್ದು ಒಂದಕ್ಕೆ. ಮಿಕ್ಕಿದ್ದು ನೋಡು, ಎಲ್ಲೈತೆ ಕಲೆ?"

ಅತ್ತಿಗೆ ಮಗುವಿನ ಹೊಟ್ಟೆ, ಬೆನ್ನು ತಿರುಗಿಸಿ ನೋಡಿದರು. ಸಂಜೆ ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಅವರೂ ಬಂದು ಪಕ್ಕದಲ್ಲಿ ಕುಳಿತು ಒಂದು ಹಿಡಿ ಸೊಪ್ಪು ತಮ್ಮ ಕಡೆ ಎಳೆದುಕೊಂಡರು. "ನಾನಿಲ್ದೆ ಎಂಗೆ ಮಲಗ್ತಿತ್ತೇ ಮಗು?" ಎಂದು ಕೇಳಿದರು. ನಾನು ಹೇಳತೊಡಗಿದೆ.