ಪರೀಕ್ಷೆಗೆ ಮುಂಚೆಯೇ ಮೂರು ಸ್ಟಾರ್

ಮೂರು ವರ್ಷದ ಹಿಂದಿನ ಮಾತು. ಆಗ ನನಗೆ ಇಪ್ಪತ್ಮೂರು. ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದಿನ ರಸ್ತೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್ ಆಗಿದ್ದೆ. ಡಿಸೈನರ್ ಎಂದರೆ ಹುಟ್ಟುಹಬ್ಬದವರ ತಲೆಗೆ ಪೇಟ ತೊಡಿಸುವವನು, ಸತ್ತವರ ಹಿಂದೆ ಮೋಡ ಹಾಕುವವನು, ಯಾವ ಚುನಾವಣೆಗೂ ನಿಲ್ಲದವರನ್ನು ‘ಭಾವಿ ಸದಸ್ಯರು’ ಮಾಡುವವನು. ಜೊತೆಗೆ ಮಿಮಿಕ್ರಿ ನನ್ನ ಉಪಕಸುಬು. ಗಿರಾಕಿ ಹೊಸಿಲು ದಾಟಿ ಹೋದ ಕೂಡಲೇ ಅವರದೇ ದನಿಯಲ್ಲಿ ಅವರ ಆರ್ಡರನ್ನು ಒಪ್ಪಿಸುತ್ತಿದ್ದೆ. ನನ್ನ ದನಿಯನ್ನು ಮಾತ್ರ ಇದುವರೆಗೆ ಯಾರೂ ಅನುಕರಿಸಿಲ್ಲ. ಅನುಕರಿಸುವಂಥದ್ದು ಅದರಲ್ಲಿ ಏನೂ ಇಲ್ಲ ಎಂಬುದು ನಮ್ಮಮ್ಮನ ಅಭಿಪ್ರಾಯ.

ಆ ವರ್ಷ ಊರಿಗೆ ಒಬ್ಬ ಲೈಫ್ ಕೋಚ್ ಬಂದರು. ಕಲ್ಯಾಣ ಮಂಟಪದಲ್ಲಿ ಒಂದು ದಿನದ ಶಿಬಿರ, ಮಧ್ಯಾಹ್ನ ಊಟ, ವಿಷಯ ‘ವಿಷನ್ ಬೋರ್ಡ್’. ಅದೇನೆಂದರೆ ಇಷ್ಟೆ: ನಿಮಗೆ ಬೇಕಾದ್ದರ ಚಿತ್ರಗಳನ್ನು ಒಂದು ರಟ್ಟಿಗೆ ಅಂಟಿಸಿ, ಎದ್ದ ಕೂಡಲೇ ಕಣ್ಣಿಗೆ ಬೀಳುವ ಕಡೆ ಇಟ್ಟು, ದಿನಾ ನೋಡುವುದು. ನೋಡುತ್ತಿದ್ದರೆ ಮನಸ್ಸು ಅತ್ತ ವಾಲುತ್ತದೆ, ಮನಸ್ಸು ವಾಲಿದರೆ ಬ್ರಹ್ಮಾಂಡವೂ ವಾಲುತ್ತದೆ ಎಂದು ಕೋಚ್ ಕೈಯೆತ್ತಿ ಹೇಳಿದರು. ನಮ್ಮ ಕಡೆ ಗೋಡೆ ವಾಲಿದರೆ ಒಂದು ಬೊಂಬು ಆನಿಸಿ ನಿಲ್ಲಿಸುತ್ತೇವೆ. ಬ್ರಹ್ಮಾಂಡ ವಾಲಿದರೆ ಏನು ಆನಿಸಬೇಕೆಂದು ಅವರು ಹೇಳಲಿಲ್ಲ. ಇನ್ನೊಂದು ನಿಯಮ ಮಾತ್ರ ಮೂರು ಸಲ ಹೇಳಿದರು: “ಆಗಲಿ ಅಂತ ಬರೀಬೇಡಿ. ಆಗಿದೆ ಅಂತ ಬರೀರಿ!”

ರಟ್ಟು ಗೋಂದು ಹಿಡಿದು ಕೂರುವ ತಾಳ್ಮೆ ನಮ್ಮ ಜನಕ್ಕೆಲ್ಲಿದೆ? ಬೋರ್ಡ್ ಎಂದರೆ ನಮ್ಮಲ್ಲಿ ಫ್ಲೆಕ್ಸು. ಮಾರನೆಯ ದಿನದಿಂದಲೇ ಅಂಗಡಿಗೆ ಕನಸುಗಳು ಬರತೊಡಗಿದವು. ಪಾಂಡವಪುರದವರಿಗೆ ಕಬ್ಬು ಕಟಾವಿನ ಯಂತ್ರ ಬೇಕು, ಶ್ರೀರಂಗಪಟ್ಟಣದವರಿಗೆ ಹೊಳೆಯಂಚಿನ ರೆಸಾರ್ಟ್, ನಾಗಮಂಗಲದ ದೇವಲಾಪುರದಿಂದ ಬಂದವರಿಗೆ ಬಿಳಿ ಕಾರು. ಇಂಟರ್‌ನೆಟ್ಟಿನಲ್ಲಿ ಮೊದಲು ಸಿಕ್ಕ ಬಿಳಿ ಕಾರನ್ನೇ ನಾನು ಎಲ್ಲರಿಗೂ ಹಾಕಿದೆ. ಒಂದೇ ನಂಬರ್ ಪ್ಲೇಟಿನ ಕಾರಿಗೆ ಹನ್ನೊಂದು ಜನ ಬೆಳಬೆಳಗ್ಗೆ ಕೈಮುಗಿಯುತ್ತಿದ್ದರು. ನಾನೂ ಒಂದು ಮಾಡಿಕೊಂಡೆ: ಟಿವಿ ವೇದಿಕೆ, ಕೈಯಲ್ಲಿ ಮೈಕು, ಮುಂದೆ ನಗುವ ಜನ. ಅದನ್ನು ನೋಡುತ್ತ ಕೂತ ಐದು ದಿನ ಒಂದೇ ಒಂದು ಹೊಸ ದನಿ ಕಲಿಯಲಿಲ್ಲ.

ಹೀಗಿರುವಾಗ ಅಕ್ಕಿಹೆಬ್ಬಾಳಿನ ಜವರೇಗೌಡರು ಬಂದರು. ಎರಡು ಹಸು, ಡೇರಿಗೆ ಹಾಲು, ತುಂಡು ಜಮೀನು, ಒಬ್ಬಳೇ ಮಗಳು ಚೈತ್ರ. ಅವಳು ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸು ಮಾಡಿ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದಳು. ಓಟ, ಉದ್ದ ಜಿಗಿತ ಅವಳಿಗೆ ಸಲೀಸು. ಗುಂಡು ಎಸೆತ ಮಾತ್ರ ಕೈಗೆ ಹತ್ತಿರಲಿಲ್ಲ. ದಿನಾ ಬೆಳಗ್ಗೆ ನಾಲೆ ಏರಿಯ ಮೇಲೆ ಓಡಿ, ಪಕ್ಕದ ಬಯಲಿನಲ್ಲಿ ಗುಂಡು ಎಸೆಯುತ್ತಿದ್ದಳು. ಶಿಬಿರಕ್ಕೆ ಹೋಗಿದ್ದವರು ಅಪ್ಪ, ಅವಳಲ್ಲ.

“ನನ್ ಮಗ್ಳುಗೆ ಪೊಲೀಸ್ ಡ್ರೆಸ್ ಇಕ್ಕಿ ಒಂದ್ ಬೋರ್ಡ್ ಮಾಡ್ಲಾ ಮಧು,” ಎಂದು ಫೋಟೋ ಕೊಟ್ಟರು.

“ಸ್ಟಾರ್ ಎಷ್ಟ್ ಇಕ್ಲಿ ಗೌಡ್ರೆ?”

“ಎಷ್ಟ್ ಅವೆ ನಿನ್ತಾವ?”

“ಮೂರ್ ಅವೆ.”

“ಮೂರೂ ಇಕ್ಬುಡು. ಮಡೀಕೊಂಡ್ ಏನ್ ಮಾಡೀಯೆ?”

ಕಾನ್‌ಸ್ಟೇಬಲ್‌ಗೆ ಹೆಗಲ ಮೇಲೆ ಸ್ಟಾರೇ ಇರುವುದಿಲ್ಲ. ಅದು ನನಗೆ ಗೊತ್ತಿತ್ತು. ಗಿರಾಕಿಯ ಕನಸಿಗೆ ನಾನ್ಯಾಕೆ ಅಡ್ಡ ಬರಲಿ ಎಂದು ಯಾವುದೋ ಇನ್ಸ್‌ಪೆಕ್ಟರರ ಮೈಗೆ ಚೈತ್ರಳ ಮುಖ ಕೂರಿಸಿದೆ. ಮುಖ ಒಂದು ಕಡೆ, ಮೈ ಇನ್ನೊಂದು ಕಡೆ ತಿರುಗಿತ್ತು. ಮೈಯನ್ನು ಕನ್ನಡಿಯ ಹಾಗೆ ಮಗುಚಿದೆ. ಎಡ ಎದೆಯ ಪದಕದ ಪಟ್ಟಿಗಳು ಬಲಕ್ಕೆ ಬಂದು ಕೂತವು. ಆಮೇಲೆ ಕೈ ಅಭ್ಯಾಸಬಲದಿಂದ ತನ್ನ ಕೆಲಸ ತಾನೇ ಮಾಡಿತು. ಕೋಚ್ ಹೇಳಿದಂತೆ ‘ಆಗಿದೆ’ ಎಂದೇ ಬರೆಯಬೇಕಲ್ಲ, ಮೇಲೆ ‘ಹಾರ್ದಿಕ ಅಭಿನಂದನೆಗಳು’ ಎಂದು ಹಾಕಿದೆ. ಕೆಳಗೆ ‘ಶುಭ ಕೋರುವವರು’ ಸಾಲು, ಬಿಲ್ಲೆಯಂಥ ಚೌಕಟ್ಟುಗಳಲ್ಲಿ ಒಂಬತ್ತು ನೆಂಟರು. ಎಂಟು ಅಡಿ ಅಗಲ, ಆರು ಅಡಿ ಎತ್ತರ. ಅಷ್ಟು ದೊಡ್ಡದು ಮನೆಯೊಳಗೆ ಹಿಡಿಯಲಿಲ್ಲ. ಗೌಡರು ಊರಿನ ಬಸ್ ನಿಲ್ಲುವ ಜಾಗದಲ್ಲಿ ಕಟ್ಟಿದರು.

ವಿಷನ್ ಬೋರ್ಡ್ ನೋಡಬೇಕಾದವಳು ಒಬ್ಬಳು. ಊರೆಲ್ಲ ನೋಡಿತು, ನಂಬಿತು. ಅಭಿನಂದನೆ ಎಂದು ಬರೆದಿದೆ, ನೆಂಟರು ನಿಂತಿದ್ದಾರೆ, ನಂಬದೆ ಏನು ಮಾಡಬೇಕು? ಡೇರಿಯಲ್ಲಿ ಗೌಡರ ಕ್ಯಾನು ಮೊದಲು ಇಳಿಯತೊಡಗಿತು. ಚೈತ್ರ ಬಯಲಿಗೆ ಹೋದರೆ ಹಿಂದೆ ಜನ.

“ಇನ್ಸ್‌ಪೆಕ್ಟ್ರಾದ್ಮೇಲೂ ಯಾಕವ್ವಾ ಗುಂಡ್ ಎಸೀತಿದ್ದೀಯೆ?”

“ನಮ್ ಬಾಮೈದುನ್ ಗಾಡಿ ಹಿಡ್ಕಂಡವ್ರೆ, ಒಂದ್ ಮಾತ್ ಹೇಳವ್ವ.”

ಅವಳು ಬಯಲಿಗೆ ಹೋಗುವುದನ್ನೇ ಬಿಟ್ಟಳು. ಬೋರ್ಡ್ ಇಳಿಸಪ್ಪ ಎಂದರೆ ಗೌಡರು ಒಪ್ಪಲಿಲ್ಲ. “ಇಳ್ಸಿದ್ರೆ ಕೆಲ್ಸ ಹೋಯ್ತು ಅಂತಾರೆ ಕಣವ್ವ!” ಬಾರದ ಕೆಲಸ ಹೋಗದಂತೆ ಕಾಯುವುದು ಆ ಮನೆಯ ಕೆಲಸವಾಯಿತು. ಹನ್ನೆರಡು ದಿನ ಗುಂಡು ಹಟ್ಟಿಯ ಮೂಲೆಯಲ್ಲಿ ಬಿದ್ದಿತ್ತು.

ಹದಿಮೂರನೆಯ ದಿನ ಗೌಡರು ಹೆಲ್ಮೆಟ್ ಇಲ್ಲದೆ ಪೇಟೆಯಲ್ಲಿ ಸಿಕ್ಕಿಬಿದ್ದರು. ದಂಡ ಕಟ್ಟಿ ಬರುವುದು ಬಿಟ್ಟು, “ನನ್ ಮಗ್ಳೂ ನಿಮ್ ಡಿಪಾರ್ಟ್‌ಮೆಂಟೇ ಸಾರ್, ಇನ್ಸ್‌ಪೆಕ್ಟ್ರು,” ಎಂದು ಫೋನಿನಲ್ಲಿದ್ದ ಫ್ಲೆಕ್ಸ್ ಫೋಟೋ ತೋರಿಸಿದರು. ಅಲ್ಲಿದ್ದ ಎಎಸ್‌ಐ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಸಂಜೆ ನಾಲ್ಕಕ್ಕೆ ಮಗಳನ್ನು ಕರೆದುಕೊಂಡು ಠಾಣೆಗೆ ಬರಲು ಹೇಳಿದರು.

ಮೂರು ಗಂಟೆಗೆ ಅಪ್ಪ ಮಗಳು ಅಂಗಡಿಯಲ್ಲಿದ್ದರು. ಚೈತ್ರ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ಆಯ್ಕೆ ಆದ್ಮೇಲೆ ಪೊಲೀಸ್ ವೆರಿಫಿಕೇಶನ್ ಅಂತ ಮಾಡ್ತಾರೆ ಕಣಣ್ಣ. ಯಾವ್ದಾರ ಕೇಸಲ್ಲಿ ಹೆಸ್ರೈತಾ ಅಂತ ನೋಡ್ತಾರೆ. ಸುಳ್ಳು ಇನ್ಸ್‌ಪೆಕ್ಟ್ರು ಅಂತ ಇವತ್ತು ನನ್ ಹೆಸ್ರು ಬರ್ದ್ರೆ ಮುಗೀತು. ಇನ್ನು ಹದಿನೆಂಟು ದಿವ್ಸುಕ್ಕೆ ಪರೀಕ್ಷೆ.”

ಗೌಡರು ನನ್ನ ಕೈ ಹಿಡಿದುಕೊಂಡರು. “ಲೇ ಮಧು, ನೀನು ಯಾರ್ ದನೀನಾರ ಮಾಡ್ತೀಯಲ್ಲ. ದೊಡ್ ಸಾಹೇಬ್ರಂಗೆ ಒಂದ್ ಫೋನ್ ಮಾಡ್ಬುಡ್ಲಾ. ಬುಟ್ಬುಡಿ ಅಂತ ಒಂದ್ ಮಾತು.”

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆಸೆಯಾಯಿತು. ದೊಡ್ಡ ಅಧಿಕಾರಿಯ ಗಡಸು ಕೆಮ್ಮು ಆಗಲೇ ಗಂಟಲಿಗೆ ಬಂದು ಕೂತಿತ್ತು.

“ಇನ್ನೊಂದ್ ವೇಷ ಬ್ಯಾಡ ಕಣಣ್ಣ,” ಎಂದಳು ಚೈತ್ರ. “ನೀನು ಬಾ. ನಿನ್ ದನೀಲೇ ಹೇಳು.”

ಠಾಣೆಯಲ್ಲಿ ನನ್ನ ದನಿ ಎಷ್ಟು ತೆಳ್ಳಗಿದೆ ಎಂದು ಮೊದಲ ಸಲ ಗೊತ್ತಾಯಿತು. ನಾನೇ ಮಾಡಿದ್ದು, ಅವಳಿಗೆ ತಿಳಿಸದೆ ಮಾಡಿದ್ದು, ಇದು ಕನಸಿನ ಬೋರ್ಡು ಎಂದೆಲ್ಲ ವಿವರಿಸಿದೆ. ಎಎಸ್‌ಐ ಮೀಸೆಯ ಕೆಳಗೇ ನಗು ತಡೆದುಕೊಂಡು ಕೇಳಿದರು:

“ನನ್ಗೆ ಇಪ್ಪತ್ತೆಂಟು ವರ್ಷ ಸರ್ವೀಸು. ಎರಡನೇ ಸ್ಟಾರ್ ಬಂದಿಲ್ಲ. ನೀನು ಒಂದ್ ಕ್ಲಿಕ್‌ಗೆ ಮೂರ್ ಕೊಟ್ಬಿಟ್ಯಾ?”

ಅವರು ಚೈತ್ರಳ ಕಡೆ ತಿರುಗಿದರು.

“ಗುಂಡು ಎಷ್ಟು ದೂರ ಹೋಗ್ತದಮ್ಮಾ?”

“ಇನ್ನೂ ಗೆರೆ ಮುಟ್ಟಿಲ್ಲ ಸಾರ್. ಹನ್ನೆರಡು ದಿವ್ಸದಿಂದ ಎಸ್ದೇ ಇಲ್ಲ.”

“ಮತ್ತೆ ಇಲ್ಲ್ಯಾಕೆ ನಿಂತಿದ್ದೀಯಾ? ಬೆಳಕೈತೆ, ಹೋಗು.” ನನಗೆ ಮಾತ್ರ, “ನೀನು ಇರು,” ಎಂದರು.

ಅವರು ಯಾರ ಹೆಸರನ್ನೂ ಬರೆಯಲಿಲ್ಲ. ಗೌಡರಿಂದ ಹೆಲ್ಮೆಟ್ ದಂಡ ಕಟ್ಟಿಸಿಕೊಂಡರು. ನನಗೆ ಆ ಸಮವಸ್ತ್ರದಲ್ಲಿದ್ದ ತಪ್ಪುಗಳನ್ನು ನನ್ನ ಬಾಯಲ್ಲೇ ಹೇಳಿಸಿದರು. ನಾನು ನಾಲ್ಕು ಹೇಳಿದೆ, ಅವರು ಇನ್ನೂ ಏಳು ಸೇರಿಸಿದರು. ಆಮೇಲೆ ಊರ ಮುಂದೆ ನಾನೇ ಬೋರ್ಡ್ ಇಳಿಸಬೇಕು, ಸುಳ್ಳೆಂದು ಬಾಯಿಬಿಟ್ಟು ಹೇಳಬೇಕು ಎಂದು ಕಳಿಸಿದರು. ಅಕ್ಕಿಹೆಬ್ಬಾಳಿನಲ್ಲಿ ಏಣಿ ಹತ್ತಿ, “ಚೈತ್ರಂಗೆ ಇನ್ನೂ ಕೆಲ್ಸ ಆಗಿಲ್ಲ, ಇದು ನಾನ್ ಮಾಡಿದ್ ಸುಳ್ಳು,” ಎಂದು ಕೂಗಿದೆ. ಕೆಳಗಿದ್ದವರು ಚಪ್ಪಾಳೆ ತಟ್ಟಿದರು. “ಯಾರ್ ದನಿ ಮಾಡ್ತಾವ್ನ್ಲಾ ಇವ್ನು?” ಎಂದು ಒಬ್ಬ ಪಕ್ಕದವನನ್ನು ಕೇಳಿದ. ನಿಜ ಹೇಳುತ್ತಿದ್ದೇನೆಂದು ಅವರಿಗೆ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು.

ಪ್ರಾಯಶ್ಚಿತ್ತವೆಂದು ಮಾರನೆಯ ಬೆಳಗ್ಗೆ ಸ್ಟಾಪ್‌ವಾಚ್ ಹಿಡಿದು ಬಯಲಿಗೆ ಹೋದೆ. ನಾನೂ ಒಬ್ಬ ಕೋಚ್ ಆದೆನೆಂಬ ಭ್ರಮೆ. “ನನ್ ಫೋನಲ್ಲೇ ಐತೆ ಕಣಣ್ಣ, ನೀನು ಹೋಗು,” ಎಂದು ಚೈತ್ರ ವಾಪಸ್ ಅಟ್ಟಿದಳು.

ಆ ಸಲ ಅವಳು ಆಯ್ಕೆಯಾಗಲಿಲ್ಲ. ಓಟ ಗೆದ್ದಳು, ಜಿಗಿತ ಗೆದ್ದಳು. ಮೂರು ಅವಕಾಶದಲ್ಲೂ ಗುಂಡು ಗೆರೆಗಿಂತ ಹಿಂದೆಯೇ ಬಿತ್ತು. ಕೊನೆಯದು ನಾಲ್ಕೇ ಬೆರಳು ಹಿಂದೆ. ಆ ನಾಲ್ಕು ಬೆರಳು ಯಾವ ಹನ್ನೆರಡು ದಿನದ್ದೆಂದು ಅವಳು ನನಗೆ ಯಾವತ್ತೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮುಂದಿನ ನೇಮಕಾತಿಗೆ ಮತ್ತೆ ಮೊದಲಿನಿಂದ ಅರ್ಜಿ, ಲಿಖಿತ, ಓಟ, ಗುಂಡು. ಗೋಡೆಗೆ ಒಂದು ಚೀಟಿಯನ್ನೂ ಅಂಟಿಸದೆ ಪಾಸಾದಳು.

ಚಿತ್ರ ನೋಡಿದರೆ ಕೆಲಸವಾಗುತ್ತದೆಂದು ಹೇಳುವವರ ಮೇಲೆ ನನಗಿರುವ ತಿರಸ್ಕಾರ ಅಂದಿನಿಂದ ಒಂದು ಗುಂಜಿಯೂ ಇಳಿದಿಲ್ಲ. ಅದರಲ್ಲಿ ದೊಡ್ಡ ಪಾಲು, ಆ ಚಿತ್ರ ಮಾಡಿಕೊಟ್ಟವನಿಗೆ ಸೇರಬೇಕು. ಆಗದ್ದನ್ನು ಆಗಿದೆ ಎಂದು ಅಚ್ಚು ಹಾಕಿದರೆ, ಅದನ್ನು ನಿಜ ಮಾಡಲು ಹೊರಟವರ ದಾರಿಯನ್ನೇ ಫ್ಲೆಕ್ಸು ಮುಚ್ಚುತ್ತದೆ. ನಿಜವಾಗಿ ಆಗಿದ್ದರೂ, ಅಚ್ಚು ಹಾಕುವ ಮುನ್ನ ಮುಖ ಯಾರದೋ ಅವರನ್ನು ಒಂದು ಮಾತು ಕೇಳಬೇಕು. ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟೆ.

ಅವಳು ಪಾಸಾದ ಸುದ್ದಿ ಬಂದ ದಿನ, ನಾನು ಕೇಳುವ ಮೊದಲೇ ಚೈತ್ರಳ ಫೋನ್ ಬಂದಿತ್ತು. “ಅಣ್ಣ, ನಮ್ಮಪ್ಪ ಬತ್ತಾವ್ರೆ. ಬ್ಯಾಡ.” ಹತ್ತು ನಿಮಿಷಕ್ಕೆ ಗೌಡರು ಬಂದರು. ಹೊಸ ಹೆಲ್ಮೆಟ್ಟು, ಮುಖದ ತುಂಬ ನಗು.

“ಈಗ ನಿಜ್ವಾಗ್ಲೂ ಆಯ್ತು ಕಣ್ಲಾ. ಹತ್ತಡಿ ಇಕ್ಕು.”

“ಮಿಶಿನ್ ಕೆಟ್ಟದೆ ಗೌಡ್ರೆ.”

ಹಿಂದಿನ ಕೋಣೆಯಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಜುಯ್ಯೆಂದು ಹೊರಗೆ ಬರುತ್ತಿತ್ತು.

“ಮತ್ತೆ ಅದೇನ್ಲಾ ಸದ್ದು?”

“ನಾನೇ ಗೌಡ್ರೆ. ಮಿಮಿಕ್ರಿ.”

ಗೌಡರು ಮುಚ್ಚಿದ್ದ ನನ್ನ ಬಾಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಲ್ಮೆಟ್ ತಲೆಗೆ ಹಾಕಿಕೊಂಡು ಪಟ್ಟಿ ಬಿಗಿದರು.

“ಅವ್ಳು ಫೋನ್ ಮಾಡಿದ್ಲಾ?”

“ಊಂ.”

“ಸರಿ ಬುಡು,” ಎಂದು ಗಾಡಿ ಹತ್ತಿದರು.