ಮೈಕಿನಲ್ಲಿ ಸಾರಿದ ಮದ್ದು

ನಮ್ಮ ಅಜ್ಜ ನಿಜಾಮರ ಕಾಲಕ್ಕೆ ನೌಕರಿ ಹುಡುಕಿಕೊಂಡು ಗುಲಬರ್ಗಾದಿಂದ ಹೈದರಾಬಾದಿಗೆ ಬಂದವರು. ಹೀಗಾಗಿ ನಾನು ಮನೆಯೊಳಗೆ ಕನ್ನಡಿಗ, ಹೊಸ್ತಿಲು ದಾಟಿದರೆ ತೆಲುಗಿನವ, ಆಟೋದವನ ಮುಂದೆ ಹಿಂದಿಯವ. ನಾಂಪಲ್ಲಿಯ ನಮ್ಮ ಆರೋಗ್ಯ ಕಚೇರಿಯಲ್ಲಿ ಮಾತ್ರ ನನ್ನನ್ನು ಕನ್ನಡ ಪಂಡಿತನೆಂದು ನಂಬಿದ್ದರು. ತಪ್ಪು ಅವರದಲ್ಲ, ಹಾಗೆ ಕೊಚ್ಚಿಕೊಂಡವನು ನಾನೇ.

ಮಾದಾಪುರದ ಕಡೆ ಗಾಜಿನ ಕಂಪ್ಯೂಟರ್ ಕಟ್ಟಡಗಳು ಏಳುತ್ತಿದ್ದ ದಿನಗಳವು. ಕಟ್ಟುವವರು ರಾಯಚೂರು, ಯಾದಗಿರಿ ಕಡೆಯ ನಮ್ಮ ಜನ. ಪಕ್ಕದ ತಗಡಿನ ಶೆಡ್ಡುಗಳಲ್ಲೇ ಸಂಸಾರ. ಪೋಲಿಯೋ ಭಾನುವಾರ ಬಂದಾಗಲೆಲ್ಲ ಅವರ ಮಕ್ಕಳು ಹನಿ ಹಾಕಿಸಿಕೊಳ್ಳದೆ ತಪ್ಪಿಹೋಗುತ್ತಿದ್ದರು. ಹೊಸದಾಗಿ ಬಂದ ಸಾಹೇಬರಿಗೆ ಲ್ಯಾಪ್‌ಟಾಪ್ ಕೂಡ ಹೊಸದು. ಅದರಿಂದ ಗೋಡೆಯ ಪರದೆಯ ಮೇಲೆ ಬಣ್ಣದ ಬಾಣಗಳನ್ನು ಹಾರಿಸಿ, "ಇಲ್ಲಿ ನಾಯಕತ್ವ ಬೇಕು" ಎಂದು ನನ್ನತ್ತ ನೋಡಿದರು. "ಕನ್ನಡದಲ್ಲಿ ಒಂದು ಮಾತು ಹೇಳಿದರೆ ಸಾಕು ಸರ್, ಓಡಿ ಬರುತ್ತಾರೆ" ಎಂದೆ. ನಾಲಿಗೆಗೆ ಎಲುಬಿಲ್ಲ ನೋಡಿ!

ಭಾನುವಾರ ನಾನು, ನರ್ಸಮ್ಮ, ಐಸ್ ಡಬ್ಬಿ, ಮೈಕ್ ಕಟ್ಟಿದ ಆಟೋ ಅಲ್ಲಿಗೆ ಹೋದೆವು. ಮರುದಿನ ಬೆಳಿಗ್ಗೆ ಇಡೀ ಗುಂಪು ಪುಣೆಗೆ ಹೊರಡುತ್ತದೆ ಎಂದು ಮೇಸ್ತ್ರಿ ಹೇಳಿದ. ಇವತ್ತು ಹನಿ ತಪ್ಪಿದರೆ ಆ ಮಕ್ಕಳು ಮತ್ತೆ ನಮ್ಮ ಕೈಗೆ ಸಿಗುವುದಿಲ್ಲ.

ತೆಲುಗಿನಲ್ಲಿ ಔಷಧಕ್ಕೆ ಮಂದು ಎನ್ನುತ್ತಾರೆ. "ಪಿಲ್ಲಲಕಿ ಮಂದು ವೇಸ್ತಾಂ", ಮಕ್ಕಳಿಗೆ ಔಷಧ ಹಾಕುತ್ತೇವೆ, ಎಂದು ಕೂಗುವುದು ನಮ್ಮ ನರ್ಸಮ್ಮನ ರೂಢಿ. ಔಷಧವೆಂದರೆ ಸಂಸ್ಕೃತವಾಯಿತು, ಕೂಲಿಯವರಿಗೆ ಅಚ್ಚಗನ್ನಡವೇ ಸರಿ ಎಂದು ಮೈಕ್ ಹಿಡಿದು ಸಾರಿದೆ: "ಅಕ್ಕ-ತಂಗ್ಯಾರ, ನಿಮ್ಮ ಮಕ್ಕಳ್ನ ಕರ್ಕೊಂಡು ಬರ್ರಿ! ಮದ್ದು ಹಾಕ್ತೀವಿ!"

ಮರಳಿನ ಗುಡ್ಡೆಯ ಮೇಲೆ ಆಡುತ್ತಿದ್ದ ಮಕ್ಕಳು ಮಂಗಮಾಯ. ಒಬ್ಬ ಮುದುಕಿ ಮೊಮ್ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಓಡಿದಳು. ದಬದಬ ತಗಡಿನ ಬಾಗಿಲುಗಳು ಮುಚ್ಚಿಕೊಂಡವು. ಕೇಳಿಸಲಿಲ್ಲವೇನೋ ಎಂದು ನಾನು ಇನ್ನೂ ಜೋರಾಗಿ, "ಒಬ್ಬರನ್ನೂ ಬಿಡಂಗಿಲ್ಲ! ಎಲ್ಲಾರಿಗೂ ಮದ್ದು ಹಾಕೇ ಹೋಗೋದು!" ಎಂದು ಅರಚಿದೆ.

ಆಗ ಒಬ್ಬ ಹೆಂಗಸು ಸಲಿಕೆ ಹಿಡಿದೇ ಎದುರಿಗೆ ಬಂದಳು. "ಏನೋ ಯಪ್ಪಾ, ಮಂದಿ ಮಕ್ಕಳಿಗೆ ಮದ್ದು ಹಾಕಾಕ ಬಂದೀಯಲ್ಲ, ನಾಚಿಕಿ ಬರಂಗಿಲ್ಲೇನು? ಮದ್ದು ಹಾಕೋರು ಕದ್ದು ಹಾಕ್ತಾರ, ನೀ ಮೈಕ್ ಹಚ್ಚಿ ಹಾಕಾಕತ್ತೀಯಲ್ಲ!"

ಅಯ್ಯೋ ದೇವರೇ! ಊಟದಲ್ಲಿ ಕದ್ದು ಬೆರೆಸಿ ಮನುಷ್ಯನನ್ನು ಹಾಳುಮಾಡುವ ಮದ್ದು! ದಾರಿ ತಪ್ಪಿದ ಚಿಕ್ಕಪ್ಪನಿಗೆ ಯಾರೋ ಮದ್ದು ಹಾಕ್ಯಾರ ಎಂದು ನಮ್ಮ ಅಜ್ಜಿಯೇ ದಿನಾ ಗೋಳಾಡುತ್ತಿದ್ದಳು. ಪಂಡಿತನಿಗೆ ಅದು ಆಗ ನೆನಪಾಯಿತು.

"ಪೋಲಿಯೋ ಹನಿ ಅಕ್ಕಾ, ತಪ್ಪಾತು" ಎಂದೆ.

"ಹಂಗಾರ ಮೊದಲ ನೀ ಕುಡಿ."

ಬಾಯಿ ತೆರೆದೆ. ನರ್ಸಮ್ಮ ಎರಡು ಹನಿ ಬಿಟ್ಟು, ಅಭ್ಯಾಸಬಲದಿಂದ ನನ್ನ ಕಿರುಬೆರಳಿಗೆ ಮಸಿಯನ್ನೂ ಹಚ್ಚಿದಳು. ಶೆಡ್ಡುಗಳ ಸಂದಿಯಿಂದ ನಗು ಕೇಳಿಸಿತು. ಆ ಹೆಂಗಸು ಮೈಕ್ ಕಸಿದುಕೊಂಡು, "ಹೊರಗ ಬರ್ರೇ! ಇದು ಹನಿ ಐತಿ! ಪಾಪ, ಈ ಯಪ್ಪಗ ಕನ್ನಡ ಬರಂಗಿಲ್ಲ!" ಎಂದಳು. ಡ್ರಮ್ಮಿನೊಳಗಿಂದ, ಸಿಮೆಂಟಿನ ಪೈಪಿನೊಳಗಿಂದ ಮಕ್ಕಳು ಹೊರಬಂದವು. ಡಬ್ಬಿಯಲ್ಲಿ ಒಂದೇ ಸೀಸೆ ಉಳಿಯಿತು.

ಕೊನೆಗೆ ಆಕೆ ತನ್ನ ಕೂಸನ್ನು ತಂದಳು. ಜೊತೆಗೆ ಏಳೆಂಟು ವರ್ಷದ ಮಗಳು. ಒಂದು ಕಾಲು ಬತ್ತಿ ಕಡ್ಡಿಯಾಗಿತ್ತು.

"ಇಕಿ ಸಣ್ಣಾಕಿ ಇದ್ದಾಗ ಯಾರೂ ಬರಲಿಲ್ರಿ" ಎಂದಳು ತಾಯಿ.

ತಮ್ಮನ ಬಾಯಿಗೆ ಹನಿ ಬೀಳುವುದನ್ನೇ ನೋಡುತ್ತಿದ್ದ ಹುಡುಗಿ, "ಯವ್ವಾ, ನನಗೂ ಹಾಕಸಬೇ, ಕಾಲು ನೆಟ್ಟಗಾಗ್ತದ" ಎಂದಳು.

ಐದು ವರ್ಷ ದಾಟಿದವರಿಗೆ ಹಾಕಬಾರದೆಂಬುದು ನಿಯಮ. ನರ್ಸಮ್ಮ ನನ್ನ ಮುಖ ನೋಡಿದಳು. ಹುಡುಗಿ ಆಗಲೇ ಕಣ್ಣು ಮುಚ್ಚಿ ಬಾಯಿ ತೆರೆದು ನಿಂತಿದ್ದಳು.

"ಹಾಕಮ್ಮಾ" ಎಂದೆ.